ಹೋಂಸ್ಟೇ ಬೋರ್ಡು, ಮೆನು ಪ್ರಿಂಟಿಗೆ ಕೊಡುವ ಮೊದಲು

ಮಡಿಕೇರಿ, ವಿರಾಜಪೇಟೆ ಕಡೆ ಹೋಂಸ್ಟೇ, ಅಂಗಡಿ ನಡೆಸುವವರು ದಯವಿಟ್ಟು ಗಮನಿಸಿ. ಇಂಗ್ಲಿಷಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕೇಳಿಸುವ ಜೋಡಿ ಪದಗಳೆರಡೂ ಡಿಕ್ಷನರಿಯಲ್ಲಿ ಇರುತ್ತವೆ. ಹಾಗಾಗಿ ತಪ್ಪು ಪದ ಹಾಕಿದರೂ ಕಂಪ್ಯೂಟರ್ ಬಹಳ ಸಲ ಕೆಂಪು ಗೆರೆ ಎಳೆಯುವುದಿಲ್ಲ.

ಹೆಚ್ಚು ಎಡವುವುದು ‘ಕಾಂಪ್ಲಿಮೆಂಟರಿ ಬ್ರೇಕ್‌ಫಾಸ್ಟ್’ ಬರೆಯುವಾಗ. ರೂಮಿನ ಜೊತೆ ತಿಂಡಿ ಉಚಿತ ಎನ್ನಲು ‘ಎಲ್’ ಆದ ಮೇಲೆ ‘ಐ’ ಬರಬೇಕು. ಅಲ್ಲಿ ‘ಇ’ ಹಾಕಿದರೆ ಒಂದಕ್ಕೊಂದು ಪೂರಕ ಎಂದಾಗುತ್ತದೆ, ಅಕ್ಕಿ ಕಡುಬು ಕಡುಂಬುಟ್ಟಿಗೆ ಹಂದಿಮಾಂಸದ ಪಂದಿಕರಿ ಇದ್ದಂತೆ. ‘ಕಂಪ್ಲೀಟ್’ ಪದದಲ್ಲೂ ‘ಎಲ್’ ನಂತರ ‘ಇ’ ಇದೆ. ಪೂರ್ಣಗೊಳಿಸುವುದಕ್ಕೆ ‘ಇ’ ಎಂದು ನೆನಪಿಟ್ಟುಕೊಳ್ಳಿ.

ಊಟದ ಕೊನೆಯ ಸಿಹಿ ‘ಡೆಸರ್ಟ್’ಗೆ ಎರಡು ‘ಎಸ್’, ಒತ್ತು ಕೊನೆಯ ಭಾಗಕ್ಕೆ. ಒಂದೇ ‘ಎಸ್’ ಬರೆದರೆ ಪಾಯಸದ ಜಾಗದಲ್ಲಿ ಮರುಭೂಮಿ! ಅದರ ಒತ್ತು ಮೊದಲ ಭಾಗಕ್ಕೆ.

ನೋಟ್‌ಬುಕ್, ಪೆನ್ನು ಮಾರುವ ‘ಸ್ಟೇಷನರಿ’ಯ ಕೊನೆ ‘ಇ-ಆರ್-ವೈ’. ಎನ್ವಲಪ್‌ನ ‘ಇ’ ನೆನೆದರೆ ಸಾಕು. ‘ಎ-ಆರ್-ವೈ’ ಎಂದರೆ ನಿಂತಲ್ಲೇ ನಿಂತದ್ದು.

ರಾಜಾಸೀಟ್, ಅಬ್ಬಿ ಜಲಪಾತ ತೋರಿಸುವ ‘ಸೈಟ್‌ಸೀಯಿಂಗ್’ಗೆ ‘ಎಸ್-ಐ-ಜಿ-ಎಚ್-ಟಿ’. ‘ಎಸ್-ಐ-ಟಿ-ಇ’ ಮನೆ ಕಟ್ಟುವ ಸೈಟಿಗೆ. ಗಾಡಿಯ ‘ಬ್ರೇಕ್’ ‘ಕೆ-ಇ’ಯಲ್ಲಿ ಮುಗಿಯುತ್ತದೆ, ಮುರಿಯುವುದು, ಬಿಡುವು ಎರಡಕ್ಕೂ ‘ಇ-ಎ-ಕೆ’.

ಪ್ರಿಂಟರ್ ಕಳಿಸಿದ ಪ್ರೂಫನ್ನು ಕೊನೆಯ ಪದದಿಂದ ಹಿಂದಕ್ಕೆ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ. ಮುಂದಿನಿಂದ ಓದಿದರೆ ಅರ್ಥ ತಿಳಿದಿರುವ ಮನಸ್ಸು ತಪ್ಪನ್ನು ಹಾರಿಸಿಬಿಡುತ್ತದೆ. ಫ್ಲೆಕ್ಸ್ ಅಚ್ಚಾದ ಮೇಲೆ ಒಂದು ಅಕ್ಷರಕ್ಕಾಗಿ ಇಡೀ ಬೋರ್ಡನ್ನೇ ಮತ್ತೆ ಮಾಡಿಸಬೇಕಾದೀತು.