‘ಚೇಂಜ್’ ಎಂಬ ಪದವನ್ನು ನಾನು ಕನ್ನಡಕ್ಕೆ ತರುವ ಬಗೆ

ಔಷಧದ ಚೀಟಿ, ಆಸ್ಪತ್ರೆಯ ಕರಪತ್ರ, ಪ್ರಯಾಣದ ಸೂಚನೆಗಳನ್ನು ಅನುವಾದಿಸುವಾಗ ‘ಚೇಂಜ್’ ಎದುರಾದರೆ ‘ಬದಲಾವಣೆ’ ಎಂದು ಬರೆಯುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಇದ್ದದ್ದು ಹೋಗಿ ಬೇರೆಯದು ಬರುತ್ತದೆಯೋ, ಇದ್ದದ್ದೇ ಉಳಿದು ಹೆಚ್ಚುಕಡಿಮೆ ಆಗುತ್ತದೆಯೋ?

‘ಚೇಂಜ್ ದ ಡ್ರೆಸಿಂಗ್ ಡೈಲಿ’ ಎಂದರೆ ಹಳೆಯ ಪಟ್ಟಿ ಬಿಚ್ಚಿ ಹೊಸದನ್ನು ಕಟ್ಟಬೇಕು. ‘ಗಾಯದ ಪಟ್ಟಿಯನ್ನು ದಿನಾ ಬದಲಿಸಿ’ ಸಾಕು. ‘ಮಾರ್ಪಡಿಸಿ’ ಎಂದರೆ ಅದೇ ಪಟ್ಟಿಯನ್ನು ತಿದ್ದಿದಂತಾಗುತ್ತದೆ. ಅದೇ ಚೀಟಿಯಲ್ಲಿ ‘ಡು ನಾಟ್ ಚೇಂಜ್ ದ ಡೋಸ್’ ಎಂದಿದ್ದರೆ ‘ಪ್ರಮಾಣ ಬದಲಿಸಬೇಡಿ’ ತಪ್ಪಲ್ಲ. ಆದರೂ ನಾನು ‘ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಅಥವಾ ಕಡಿಮೆ ತೆಗೆದುಕೊಳ್ಳಬೇಡಿ’ ಎಂದೇ ಬರೆಯುತ್ತೇನೆ. ನೋವು ಇಳಿಯಿತೆಂದು ಎರಡು ಮಾತ್ರೆಯನ್ನು ಒಂದು ಮಾಡುವವರಿಗೆ ಅದು ನೇರವಾಗಿ ತಟ್ಟುತ್ತದೆ. ‘ವೈದ್ಯರನ್ನು ಕೇಳದೆ’ ಎಂಬುದು ಮೂಲದಲ್ಲಿ ಇಲ್ಲದಿದ್ದರೆ ಸೇರಿಸುವುದಿಲ್ಲ. ಮಹಿಳೆಯರ ಆರೋಗ್ಯದ ಬರಹದಲ್ಲಿ ‘ದ ಚೇಂಜ್’ ಎಂದಷ್ಟೇ ಬಂದರೆ ಅದು ಮುಟ್ಟು ನಿಲ್ಲುವ ಕಾಲ.

ಹೆಚ್ಚು ತಪ್ಪಾಗುವುದು ಇಂಗ್ಲಿಷ್ ಕರ್ಮಪದವನ್ನು ನುಂಗಿದಾಗ. ‘ಚೇಂಜ್ ಅಟ್ ಅರಸೀಕೆರೆ’ ಎಂಬಲ್ಲಿ ರೈಲು ಅಡಗಿದೆ, ‘ಶಿ ವೆಂಟ್ ಇನ್ ಟು ಚೇಂಜ್’ ಎಂಬಲ್ಲಿ ಬಟ್ಟೆ. ಕನ್ನಡದಲ್ಲಿ ಅದನ್ನು ಹೇಳಲೇಬೇಕು: ‘ಅರಸೀಕೆರೆಯಲ್ಲಿ ಇಳಿದು ಬೇರೆ ರೈಲು ಹತ್ತಿ’, ‘ಬಟ್ಟೆ ಬದಲಿಸಲು ಒಳಗೆ ಹೋದಳು’.

ತಾನಾಗಿ ಆಗುವುದಕ್ಕೂ ಯಾರೋ ಮಾಡುವುದಕ್ಕೂ ಇಂಗ್ಲಿಷಿನಲ್ಲಿ ಒಂದೇ ಕ್ರಿಯಾಪದ. ನಮ್ಮಲ್ಲಿ ‘ಬದಲಾಗು’, ‘ಬದಲಿಸು’ ಬೇರೆಬೇರೆ. ಹಾಗಾಗಿ ‘ದ ಟೈಮಿಂಗ್ಸ್ ಹ್ಯಾವ್ ಬೀನ್ ಚೇಂಜ್ಡ್’ ಎಂಬುದಕ್ಕೆ ‘ಬದಲಾಯಿಸಲ್ಪಟ್ಟಿದೆ’ ಬೇಡ, ‘ಸಮಯ ಬದಲಾಗಿದೆ’ ಎಂದರೆ ಮುಗಿಯಿತು.

ದುಡ್ಡಿನ ವಿಷಯಕ್ಕೆ ಬಂದರೆ ಇನ್ನೊಂದು ಕವಲು. 500 ರೂಪಾಯಿ ನೋಟು ಮುರಿಸುವಾಗ ಕೇಳುವ ‘ಚೇಂಜ್’ ನಮ್ಮ ಚಿಲ್ಲರೆ. 100 ರೂಪಾಯಿ ಸಾಮಾನು ಕೊಂಡು 500 ಕೊಟ್ಟಾಗ ಅಂಗಡಿಯವರು ಹಿಂತಿರುಗಿಸುವ 400 ಕೂಡ ಇಂಗ್ಲಿಷಿನಲ್ಲಿ ‘ಚೇಂಜ್’. ಅಷ್ಟು ದೊಡ್ಡ ಮೊತ್ತಕ್ಕೆ ‘ಚಿಲ್ಲರೆ’ ಹೊಂದುವುದಿಲ್ಲ. ‘ಬಾಕಿ’ ಅಥವಾ ‘ಉಳಿದ ದುಡ್ಡು’ ಎನ್ನುತ್ತೇನೆ. ಈ ಅರ್ಥದಲ್ಲಿ ಪದಕ್ಕೆ ಬಹುವಚನವಿಲ್ಲ: ‘ಚೇಂಜಸ್’ ಎಂದು ಕಂಡರೆ ದುಡ್ಡಲ್ಲ, ಮಾರ್ಪಾಡುಗಳು ಎಂದು ತಿಳಿಯಬಹುದು. ‘ನೋ ಚೇಂಜ್ ಗಿವನ್’ ಎಂಬ ಫಲಕಕ್ಕೆ ‘ಬದಲಾವಣೆ ನೀಡಲಾಗುವುದಿಲ್ಲ’ ಎಂದು ಬರೆದರೆ ಓದಿದವರಿಗೆ ಏನೂ ತಿಳಿಯದು. ‘ಸರಿಯಾದ ಚಿಲ್ಲರೆ ಕೊಡಿ’ ಎಂದರೆ ಕೈ ತಾನೇ ಜೇಬಿಗೆ ಹೋಗುತ್ತದೆ.