ದೀಪ ಆರಿಸದೆ ಬೆಳಕು ಕದಿಯುವುದು ಹೇಗೆ?

ರಾತ್ರಿ ಹತ್ತರ ಸುಮಾರು. ಚುರುಮುರಿ ಮುಗಿದು ತಟ್ಟೆಯಲ್ಲಿ ಕಡಲೆಬೀಜದ ಸಿಪ್ಪೆಯಷ್ಟೇ ಉಳಿದಿತ್ತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆ ಕಟ್ಟುವ ನಮ್ಮ ರೋಲ್‌ಪ್ಲೇಯಿಂಗ್ ಆಟದ ಮಂತ್ರವಾದಿನಿ ಕೋಟೆಯಂಗಳದ ಕಂಬದ ಮರೆಯಲ್ಲಿ ನಿಂತಿದ್ದಳು. ಆಚೆ ಬದಿಗೆ ಒಂದು ದೀಪ, ಅದರಡಿ ತೂಕಡಿಸುತ್ತಿರುವ ಕಾವಲುಗಾರ. ಆಡುತ್ತಿದ್ದ ಗೆಳತಿ ಕೇಳಿದಳು: ‘ದೀಪ ಆರಿಸಿದ್ರೆ ಬತ್ತಿಯ ಹೊಗೆ ವಾಸನೆಗೆ ಅವನು ಎದ್ದುಬಿಡ್ತಾನೆ. ಉರಿ ಹಾಗೇ ಇರಲಿ, ಬೆಳಕು ಮಾತ್ರ ಕದೀಬಹುದಾ?’

ಗೇಮ್ ಮಾಸ್ಟರ್ ನಾನು, ಅಂದರೆ ಕಥೆ ಹೇಳುತ್ತಾ ಆಟ ನಡೆಸುವವನು. ನಿಯಮದ ಪುಸ್ತಕ ತಿರುವಿ ಹಾಕಿದೆ. ಬೆಂಕಿಯುಂಡೆ ಎಸೆಯುವ ಮಂತ್ರವಿತ್ತು, ಕತ್ತಲು ಕವಿಸುವ ಮಂತ್ರವಿತ್ತು. ಬೆಳಕು ಕದಿಯುವ ಮಂತ್ರ ಇರಲಿಲ್ಲ. ‘ಆಗಲ್ಲ’ ಅಂದೆ. ಮಾಯೆಯ ಆಟದಲ್ಲಿ ಇಷ್ಟು ಒಳ್ಳೆಯ ಯೋಚನೆಗೆ ‘ಆಗಲ್ಲ’ ಅಂದದ್ದು ನನಗೇ ಹಿಡಿಸಲಿಲ್ಲ. ಮುಂದಿನ ವಾರ ನೋಟ್‌ಬುಕ್ ತೆಗೆದುಕೊಂಡು ಕೂತೆ. ಅಂಥ ಮಂತ್ರಕ್ಕೂ ಜಾಗವಿರುವ ನಿಯಮ ನಾವೇ ಕಟ್ಟಿಕೊಳ್ಳುವುದು ಹೇಗೆ ಎಂದು ಆಗ ಕಲಿತದ್ದು ಇಲ್ಲಿದೆ.

ಪಟ್ಟಿಯೋ, ವ್ಯಾಕರಣವೋ

ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಟ ಪಟ್ಟಿಯ ದಾರಿ ಹಿಡಿಯಿತು. ಪ್ರತಿ ಮಂತ್ರಕ್ಕೂ ಹೆಸರು, ದೂರ, ಪರಿಣಾಮ ಎಲ್ಲ ಮೊದಲೇ ನಿಗದಿ. ದಿನಕ್ಕೆ ಎಷ್ಟು ಮಂತ್ರ ಅನ್ನುವುದಕ್ಕೂ ಲೆಕ್ಕವಿದೆ. 2014ರ ಐದನೇ ಆವೃತ್ತಿಯಲ್ಲಿ ಮೊದಲ ಹಂತದ ಮಂತ್ರವಾದಿಗೆ ಸಿಗುವುದು ಎರಡೇ ಸ್ಲಾಟ್, ಅಂದರೆ ಮಂತ್ರ ಹಾಕುವ ಎರಡು ಅವಕಾಶ. ಇದನ್ನು ಹಳಿಯುವ ಅಗತ್ಯವಿಲ್ಲ. ಹೊಸಬರಿಗೆ ಪಟ್ಟಿಯೇ ಸುಲಭ, ಜಗಳವೂ ಕಡಿಮೆ.

1987ರಲ್ಲಿ ಬಂದ ‘ಆರ್ಸ್ ಮ್ಯಾಜಿಕಾ’ ಬೇರೆ ದಾರಿ ತೋರಿಸಿತು. ಮಧ್ಯಯುಗದ ಯುರೋಪಿನಲ್ಲಿ ನಡೆಯುವ ಈ ಆಟದಲ್ಲಿ ಲ್ಯಾಟಿನ್ನಿನ ಐದು ಕ್ರಿಯಾಪದಗಳು, ಹತ್ತು ನಾಮಪದಗಳು. ‘ಕ್ರಿಯೋ’ ಎಂದರೆ ಸೃಷ್ಟಿಸುತ್ತೇನೆ, ‘ಇಗ್ನೆಮ್’ ಎಂದರೆ ಬೆಂಕಿಯನ್ನು. ಎರಡನ್ನೂ ಜೋಡಿಸಿದರೆ ಮಂತ್ರ. ಹೀಗೆ ಹದಿನೈದೇ ಪದಗಳಿಂದ ಐವತ್ತು ಜೋಡಿ. ಒಂದೊಂದು ಜೋಡಿಯೊಳಗೆ ಎಷ್ಟು ಮಂತ್ರ ಅನ್ನುವುದು ಆಡುವವರ ತಲೆಗೆ ಬಿಟ್ಟದ್ದು.

ಪದ ಆರಿಸಿಕೊಳ್ಳಿ

ಮನೆಯಲ್ಲಿ ಆಡಲು ಅಷ್ಟೂ ಪದ ಬೇಡ. ನಾನು ಇಟ್ಟುಕೊಂಡ ಕ್ರಿಯಾಪದ ಐದು: ಹುಟ್ಟಿಸು, ಅರಿ, ನಡೆಸು, ಬದಲಿಸು, ಅಳಿಸು. ನಾಮಪದ ಆರು: ಮಣ್ಣು, ನೀರು, ಬೆಂಕಿ, ಗಾಳಿ, ಮೈ, ಮನಸ್ಸು. ಪ್ರತಿ ಆಟಗಾರನಿಗೂ ಎರಡು ಕ್ರಿಯಾಪದ, ಎರಡು ನಾಮಪದ ಮಾತ್ರ ಕೊಡಿ. ಎಲ್ಲರಿಗೂ ಎಲ್ಲ ಕೊಟ್ಟರೆ ಎಲ್ಲ ಮಂತ್ರವಾದಿಗಳೂ ಒಂದೇ ಥರ ಕಾಣುತ್ತಾರೆ. ‘ಅರಿ’ ಮತ್ತು ‘ಮಣ್ಣು’ ಮಾತ್ರ ಗೊತ್ತಿರುವವನು ಹೆಜ್ಜೆಗುರುತು ಓದುತ್ತಾನೆ, ಹೂತಿಟ್ಟ ಪೆಟ್ಟಿಗೆ ಹುಡುಕುತ್ತಾನೆ. ಕೈಯಲ್ಲಿ ಇರುವುದು ಸ್ವಲ್ಪವಾದಾಗಲೇ ಜನ ತಲೆ ಓಡಿಸುವುದು.

ಇದರಲ್ಲಿ ಕಾಟ ಕೊಡುವ ಪದ ‘ಬದಲಿಸು’. ಮೂರನೇ ವಾರ ನಮ್ಮವನೊಬ್ಬ ‘ಸೇನಾಪತಿಯ ಮೈಯನ್ನ ಉಪ್ಪು ಮಾಡ್ತೀನಿ’ ಅಂದ. ತಡೆಯಲು ನನ್ನ ಬಳಿ ನಿಯಮವೇ ಇರಲಿಲ್ಲ. ಎರಡು ತಿಂಗಳಿಂದ ಬೆಳೆಸಿಕೊಂಡು ಬಂದಿದ್ದ ಖಳನಾಯಕ ಒಂದೇ ದಾಳಕ್ಕೆ ಉಪ್ಪಿನ ಗುಡ್ಡೆಯಾದ. ಅಂದಿನಿಂದ ನಿಯಮ ಹೀಗಿದೆ: ಬದಲಾದ ವಸ್ತು ತನ್ನ ಕುಲ ಬಿಡಬಾರದು. ನೀರು ಮಂಜುಗಡ್ಡೆಯಾಗಲಿ, ಹಬೆಯಾಗಲಿ, ಕಲ್ಲಾಗಬಾರದು.

ಅಳತೆ ಮತ್ತು ದಣಿವು

ಮಂತ್ರ ಎಷ್ಟು ದೊಡ್ಡದು ಎಂದು ತಿಳಿಯಲು ಮೂರು ಅಳತೆ ಸಾಕು: ದೂರ, ಹೊತ್ತು, ಗಾತ್ರ. ಅಡಿ, ನಿಮಿಷ ಅಂತ ಬರೆದರೆ ಸ್ಕೇಲ್ ಹಿಡಿದು ಕೂರಬೇಕಾಗುತ್ತದೆ. ನಮ್ಮ ಮಾತಿನಲ್ಲೇ ಚೆಂದದ ಅಳತೆಗಳಿವೆ. ದೂರಕ್ಕೆ ಕೈಗೆಟಕುವಷ್ಟು, ಕೂಗಳತೆ, ಕಣ್ಣಳತೆ. ಹೊತ್ತಿಗೆ ಉಸಿರು ಬಿಗಿಹಿಡಿದಷ್ಟು, ದೀಪದ ಎಣ್ಣೆ ಮುಗಿಯುವಷ್ಟು, ಹೊತ್ತು ಮುಳುಗುವವರೆಗೆ. ಗಾತ್ರಕ್ಕೆ ಹಿಡಿಯಷ್ಟು, ಆಳೆತ್ತರ, ಮನೆಯಷ್ಟು.

ಪ್ರತಿ ಅಳತೆಯ ಮೊದಲ ಮೆಟ್ಟಿಲು ಪುಕ್ಕಟೆ. ಎರಡನೆಯದಕ್ಕೆ ಒಂದು ದಣಿವು, ಮೂರನೆಯದಕ್ಕೆ ಎರಡು. ಪಾತ್ರದ ಹಾಳೆಯಲ್ಲಿ ದಣಿವಿಗೆ ಆರು ಚೌಕ ಬರೆಯಿರಿ; ಆರೂ ತುಂಬಿದರೆ ಮಂತ್ರವಾದಿ ಕುಸಿದು ಬೀಳುತ್ತಾನೆ. ಒಂದು ರಾತ್ರಿ ನಿದ್ದೆ ಮಾಡಿದರೆ ಚೌಕಗಳು ಖಾಲಿ.

ಆಮೇಲೆ ದಾಳ. ಆರು ಮುಖದ ಎರಡು ದಾಳ ಉರುಳಿಸಿ, ಕೌಶಲದ ಅಂಕ ಕೂಡಿಸಿ. ಹತ್ತು ಅಥವಾ ಮೇಲೆ ಬಿದ್ದರೆ ಅಂದುಕೊಂಡಂತೆಯೇ ಆಗುತ್ತದೆ. ಏಳರಿಂದ ಒಂಬತ್ತಾದರೆ ಕೆಲಸವೇನೋ ಆಗುತ್ತದೆ, ಜೊತೆಗೊಂದು ತಾಪತ್ರಯ ಅಂಟಿಕೊಳ್ಳುತ್ತದೆ. ಆರಕ್ಕಿಂತ ಮೇಲೇರದಿದ್ದರೆ ಕೈಕೊಡುತ್ತದೆ. ಎರಡು ದಾಳ ಬೀಳುವ 36 ಬಗೆಗಳಲ್ಲಿ, ಕೌಶಲವೇ ಇಲ್ಲದವನಿಗೆ ಸೋಲು 15. ಕೌಶಲ 1 ಇದ್ದರೆ 10, 2 ಇದ್ದರೆ 6, 3 ಇದ್ದರೆ ಬರೀ 3. ಆದ್ದರಿಂದ 3ಕ್ಕಿಂತ ಹೆಚ್ಚು ಕೊಡಲೇಬೇಡಿ; ಸೋಲುವ ಭಯ ಹೋದರೆ ದಾಳವನ್ನು ಡಬ್ಬಿಯಲ್ಲೇ ಬಿಡಬಹುದು.

ಈಗ ಕೋಟೆಯಂಗಳಕ್ಕೆ ವಾಪಸ್ಸು ಹೋಗೋಣ. ನಿಯಮ ಸಿದ್ಧವಾದ ಮೇಲೆ ಅದೇ ದೃಶ್ಯವನ್ನು ಮತ್ತೆ ಆಡಿದೆವು. ಬೆಳಕನ್ನು ತನ್ನತ್ತ ಎಳೆದುಕೊಳ್ಳುವುದು ‘ನಡೆಸು’ ಮತ್ತು ‘ಬೆಂಕಿ’. ಅಂಗಳದ ಆಚೆ ಬದಿ ಅಂದರೆ ಕೂಗಳತೆ, ಒಂದು ದಣಿವು. ಹೊತ್ತು ಉಸಿರು ಬಿಗಿಹಿಡಿದಷ್ಟು, ಗಾತ್ರ ಹಿಡಿಯಷ್ಟು, ಎರಡೂ ಪುಕ್ಕಟೆ. ದಾಳದಲ್ಲಿ ಮೂರು, ಐದು ಬಿತ್ತು. ಕೌಶಲದ ಒಂದು ಸೇರಿ ಒಂಬತ್ತು. ಅಂಗಳ ಕತ್ತಲಾಯಿತು, ಬತ್ತಿ ಕಾಣದ ಉರಿಯಲ್ಲಿ ಉರಿಯುತ್ತಲೇ ಇತ್ತು. ಆದರೆ ಒಂಬತ್ತಕ್ಕೆ ತಾಪತ್ರಯ ಬೇಕಲ್ಲ? ಕದ್ದ ಬೆಳಕು ಎಲ್ಲಿಗೆ ಹೋಗಬೇಕು? ಅವಳ ಅಂಗೈಗೆ ಬಂದು ಕೂತಿತು ಅಂದೆ. ಮುಷ್ಟಿ ಬಿಗಿ ಹಿಡಿದರೂ ಬೆರಳ ಸಂದಿನಿಂದ ಕೆಂಪಗೆ ಸೋರುತ್ತಿತ್ತು. ಕೈಯನ್ನು ಕಂಕುಳಲ್ಲಿ ಅವುಚಿಕೊಂಡು ಅಂಗಳ ದಾಟಿದಳು.

ಬಾಯಿಪಾಠಕ್ಕೂ ಬೆಲೆ ಇರಲಿ

ಪ್ರತಿ ಸಲವೂ ಹೊಸ ಮಂತ್ರ ಕಟ್ಟುತ್ತಾ ಕೂತರೆ ಒಬ್ಬರ ಸರದಿಗೇ ಕಾಲು ಗಂಟೆ ಹೋಗುತ್ತದೆ, ಉಳಿದವರು ಮೊಬೈಲ್ ನೋಡತೊಡಗುತ್ತಾರೆ. ಇದಕ್ಕೂ ‘ಆರ್ಸ್ ಮ್ಯಾಜಿಕಾ’ದಲ್ಲಿ ಮದ್ದಿದೆ. ಅದರ ಐದನೇ ಆವೃತ್ತಿಯಲ್ಲಿ, ಕಲಿತ ಮಂತ್ರಕ್ಕೆ ಪೂರ್ತಿ ಅಂಕ ಸಿಗುತ್ತದೆ. ಆ ಕ್ಷಣಕ್ಕೆ ಹೊಳೆದದ್ದನ್ನು ಮೈ ದಣಿಸಿಕೊಂಡು ಮಾಡಿದರೆ ಅಂಕ ಅರ್ಧಕ್ಕಿಳಿಯುತ್ತದೆ. ದಣಿಯದೆ ಮಾಡಿದರೆ ಐದರಲ್ಲೊಂದು ಪಾಲು. ನಾನು ಸರಳ ಮಾಡಿಕೊಂಡೆ: ಮೂರು ಸಲ ಗೆದ್ದ ಮಂತ್ರಕ್ಕೆ ಹೆಸರಿಟ್ಟು ಹಾಳೆಯಲ್ಲಿ ಬರೆದುಕೊಳ್ಳಿ, ಮುಂದೆ ಅದಕ್ಕೆ ಒಂದು ದಣಿವು ರಿಯಾಯಿತಿ. ಹೆಸರಿಡುವ ಖುಷಿಗೇ ಅರ್ಧ ಜನ ಹಳೆಯ ಮಂತ್ರಕ್ಕೆ ಮರಳುತ್ತಾರೆ.

ಬೇಲಿ

ಮಾಯೆಯಿಂದ ಆಗದ್ದೇನು ಎಂದು ಆಟ ಶುರುವಾಗುವ ಮೊದಲೇ ಹೇಳಿಬಿಡಿ. ನಡುವೆ ಹೇಳಿದರೆ ಮೋಸ ಅನ್ನಿಸುತ್ತದೆ. ‘ಆರ್ಸ್ ಮ್ಯಾಜಿಕಾ’ದ ಮಂತ್ರವಾದಿಗಳಿಗೆ ಸತ್ತವರನ್ನು ಬದುಕಿಸಲು ಬರುವುದಿಲ್ಲ, ಚಂದ್ರನ ಆಚೆಗಿನದರ ಮೇಲೆ ಅವರ ಆಟ ನಡೆಯುವುದಿಲ್ಲ. ಇಂಥ ಬೇಲಿಯಿಂದಲೇ ಆ ಲೋಕಕ್ಕೊಂದು ಮುಖಚಹರೆ ಬಂದಿದೆ. 1993ರ ‘ಮೇಜ್: ದಿ ಅಸೆನ್ಷನ್’ ಬೇಲಿಯ ಬದಲು ಏಟಿನ ದಾರಿ ಹಿಡಿಯಿತು: ಸಾಮಾನ್ಯ ಜನರ ಕಣ್ಣೆದುರೇ ನಂಬಲಾಗದ್ದನ್ನು ಮಾಡಿದರೆ ವಾಸ್ತವವೇ ತಿರುಗಿಬಿದ್ದು ಹೊಡೆಯುತ್ತದೆ. ನಮ್ಮಲ್ಲಿ ಬೇಲಿ ಎರಡೇ. ಸತ್ತವರು ಎದ್ದು ಬರುವುದಿಲ್ಲ. ಇನ್ನೊಬ್ಬ ಆಟಗಾರನ ಪಾತ್ರದ ಮನಸ್ಸನ್ನು ಅವನ ಒಪ್ಪಿಗೆಯಿಲ್ಲದೆ ಮುಟ್ಟುವಂತಿಲ್ಲ. ಎರಡನೆಯದು ಮಾಯೆಯ ನಿಯಮವಲ್ಲ, ಗೆಳೆತನ ಉಳಿಸಿಕೊಳ್ಳಲು ಮಾಡಿಕೊಂಡದ್ದು.

ತೀರ್ಪು ಬರೆದಿಡಿ

ದೊಡ್ಡ ಕಥೆಗೆ ಇಳಿಯುವ ಮೊದಲು ಅರ್ಧ ಗಂಟೆ ಬರೀ ಪರೀಕ್ಷೆಗೆ ಆಡಿ. ಬೀಗ ಹಾಕಿದ ಬಾಗಿಲು, ತುಂಬಿ ಹರಿಯುವ ಹೊಳೆ, ಸುಳ್ಳು ಹೇಳುವ ಸಾಕ್ಷಿ, ಬೆನ್ನಟ್ಟಿ ಬರುವ ನಾಯಿಗಳು. ನಾಲ್ಕಕ್ಕೂ ಒಬ್ಬನೇ ಪರಿಹಾರ ಕೊಟ್ಟರೆ ಅವನ ಪದಗಳಲ್ಲಿ ಒಂದನ್ನು ಕಿತ್ತುಕೊಳ್ಳಿ. ಯಾರಿಗೂ ಏನೂ ತೋಚದಿದ್ದರೆ ನಿಮ್ಮ ಪದಗಳು ತೀರಾ ಇಕ್ಕಟ್ಟಾಗಿವೆ.

ಆಮೇಲೆ ಆಟದಲ್ಲಿ ನೀವು ಕೊಡುವ ಪ್ರತಿ ತೀರ್ಪನ್ನೂ ಒಂದು ನೋಟ್‌ಬುಕ್ಕಿನಲ್ಲಿ ಒಂದೇ ಸಾಲಿನಲ್ಲಿ ಬರೆಯಿರಿ. ಹಿಂದಿನ ವಾರ ಆಯ್ತು ಅಂದದ್ದಕ್ಕೆ ಈ ವಾರ ಆಗಲ್ಲ ಅಂದರೆ ಯಾರೂ ಸುಮ್ಮನಿರುವುದಿಲ್ಲ. ನನ್ನ ನೋಟ್‌ಬುಕ್ಕಿನ ಮೊದಲ ಸಾಲು: ‘ಕದ್ದ ಬೆಳಕು ಕದ್ದವರ ಅಂಗೈಯಲ್ಲಿ ಇರುತ್ತದೆ’. ಅಂದು ತಾಪತ್ರಯವೆಂದು ಬರೆದ ಈ ಸಾಲನ್ನೇ ಹಿಡಿದು, ಕಳೆದ ತಿಂಗಳು ಅದೇ ಗೆಳತಿ ಪಂಜಿಲ್ಲದೆ ಗುಹೆಗೆ ಹೊರಟಳು. ಬಾಗಿಲ ಬಳಿಯ ಹಣತೆಯಿಂದ ಬೆಳಕು ಎಳೆದುಕೊಂಡು, ‘ಎಣ್ಣೆ ಮುಗಿಯುವಷ್ಟು ಹೊತ್ತು, ಒಂದು ದಣಿವು, ಬರ್ಕೋ’ ಅಂದಳು. ಬರೆದುಕೊಂಡೆ.