ಡಿಸ್ಕ್ ಬ್ರೇಕ್ ಕಿರುಚಿದರೆ ಎಣ್ಣೆ ಡಬ್ಬಿ ಮುಟ್ಟಬೇಡಿ

ಬಾಗಿಲು ಕಿರ್ರ್ ಅಂದರೆ ಕೀಲಿಗೆ ಎರಡು ಹನಿ ಎಣ್ಣೆ. ಕತ್ತರಿ ಬಿಗಿಯಾದರೆ ಎಣ್ಣೆ, ಚೈನ್ ಕಟಕಟ ಅಂದರೂ ಎಣ್ಣೆ. ಈ ಕೈರೂಢಿಯೇ ಸೈಕಲ್‌ನ ಡಿಸ್ಕ್ ಬ್ರೇಕಿಗೆ ಮುಳುವು. ‘ಕೀಂಯ್ ಅಂತಿತ್ತು, ಸ್ವಲ್ಪ ಸ್ಪ್ರೇ ಹೊಡೆದೆ. ಸದ್ದೇನೋ ನಿಂತಿತು, ಈಗ ಸೈಕಲ್ಲೇ ನಿಲ್ತಿಲ್ಲ’ ಎಂದು ಮುಖ ಸಣ್ಣಗೆ ಮಾಡಿಕೊಂಡು ಬಂದವರನ್ನು ಎಷ್ಟೋ ಸಲ ನೋಡಿದ್ದೇನೆ. ನಗುವ ಹಾಗಿಲ್ಲ. ನನ್ನ ಮೊದಲ ಡಿಸ್ಕ್ ಬ್ರೇಕ್ ಸೈಕಲ್‌ನಲ್ಲಿ ನಾನೂ ಡಿಸ್ಕನ್ನು ಎರಡು ಬದಿಯಿಂದ ಒತ್ತಿ ಹಿಡಿಯುವ ಹೊಸ ಪ್ಯಾಡ್ ಒಂದು ಜೊತೆ ಹಾಳು ಮಾಡಿದವನೇ. ಬ್ರೇಕಿಗೆ ಹೊಡೆದಿರಲಿಲ್ಲ, ಚೈನ್‌ಗೆ ಹೊಡೆದಿದ್ದೆ. ತುಂತುರು ಚಕ್ರದ ಕಡ್ಡಿಗಳ ಸಂದಿಯಿಂದ ತೂರಿಕೊಂಡು ಆಚೆ ಬದಿಯ ಡಿಸ್ಕ್ ಮೇಲೆ ಕೂತಿತ್ತು.

ಸದ್ದು ಯಾಕೆ ಬರುತ್ತದೆ ಎಂದು ಮೊದಲು ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ. ಒದ್ದೆ ಬೆರಳಿನಿಂದ ಗಾಜಿನ ಲೋಟದ ಅಂಚು ಉಜ್ಜಿ ನೋಡಿ. ಬೆರಳು ಒಂದೇ ಸಮ ಜಾರುವುದಿಲ್ಲ. ಹಿಡಿಯುತ್ತದೆ, ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಅದಕ್ಕೇ ಲೋಟ ಹಾಡುತ್ತದೆ. ಡಿಸ್ಕ್ ಅನ್ನುವುದು ಚಕ್ರದ ಜೊತೆಗೇ ತಿರುಗುವ, ಹೊಸದಿದ್ದಾಗಲೂ ಸುಮಾರು 1.8 ಮಿ.ಮೀ. ದಪ್ಪದ ಉಕ್ಕಿನ ತಗಡು. ಪ್ಯಾಡ್ ಅದನ್ನು ಸಮನಾಗಿ ಹಿಡಿಯದೆ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಮಾಡಿದರೆ ತಗಡು ನಡುಗುತ್ತದೆ. ಕಡ್ಡಿ, ಫೋರ್ಕ್, ಫ್ರೇಮ್ ಎಲ್ಲಾ ಸೇರಿ ಆ ನಡುಕವನ್ನು ಬೀದಿಗೆಲ್ಲಾ ಕೇಳಿಸುತ್ತವೆ.

ಮೊದಲು ಕಿವಿ, ಆಮೇಲೆ ಕೀ

ಬ್ರೇಕ್ ಹಿಡಿಯದಿದ್ದರೂ ಚಕ್ರದ ಒಂದೊಂದು ಸುತ್ತಿಗೂ ‘ಸರ್... ಸರ್...’ ಅನ್ನುತ್ತಿದೆಯಾ? ಡಿಸ್ಕ್ ಡೊಂಕಾಗಿದೆ. ನಿಲ್ಲದೆ ‘ಸೊಯ್ಯ್’ ಅಂತಿದ್ದರೆ ಕ್ಯಾಲಿಪರ್, ಅಂದರೆ ಪ್ಯಾಡ್‌ಗಳನ್ನು ಹಿಡಿದಿರುವ ಇಕ್ಕಳದಂಥ ಭಾಗ, ನಡುವಿನಲ್ಲಿ ಕೂತಿಲ್ಲ. ಬ್ರೇಕ್ ಹಿಡಿದಾಗ ಮಾತ್ರ ಕೀಂಯ್ ಅಂತ ಕಿರುಚಿದರೆ ಎಣ್ಣೆ, ಕೊಳೆ, ಇಲ್ಲವೇ ಹೊಳಪು ಹಿಡಿದ ಪ್ಯಾಡ್. ಹಿಡಿದಾಗ ಹ್ಯಾಂಡಲ್ ಗಡಗಡ ನಡುಗಿದರೆ ಏನೋ ಸಡಿಲವಾಗಿದೆ, ಅಥವಾ ಡಿಸ್ಕ್ ಮೇಲೆ ಪ್ಯಾಡಿನ ಪುಡಿ ಅಲ್ಲಲ್ಲಿ ಮೆತ್ತಿಕೊಂಡಿದೆ. ಕರಕರ ಎಂದು ಲೋಹ ಕೆರೆಯುವ ಸದ್ದು ಬಂದರೆ ಅಲ್ಲೇ ಇಳಿಯಿರಿ. ಪ್ಯಾಡ್ ಸವೆದು ಹಿಂದಿನ ತಗಡೇ ಡಿಸ್ಕನ್ನು ತಿನ್ನುತ್ತಿರುತ್ತದೆ.

ಮಳೆಯಲ್ಲಿ ಕಿರುಚಿ ಒಣಗಿದ ಮೇಲೆ ಸುಮ್ಮನಾದರೆ ಅದು ರೋಗವೇ ಅಲ್ಲ. ಬಿಟ್ಟುಬಿಡಿ.

ಸಡಿಲ ಇರುವುದನ್ನು ಬಿಗಿ ಮಾಡಿ

ಸೈಕಲ್ ನೆಲದ ಮೇಲೆ ನೆಟ್ಟಗೆ ನಿಂತಿರುವಾಗಲೇ ಚಕ್ರವನ್ನು ಸಡಿಲಿಸಿ, ಸರಿಯಾಗಿ ಕೂರಿಸಿ, ಮತ್ತೆ ಬಿಗಿ ಮಾಡಿ. ಎಷ್ಟೋ ‘ಬ್ರೇಕ್ ತೊಂದರೆ’ಗಳು ಇಷ್ಟಕ್ಕೇ ಮುಗಿಯುತ್ತವೆ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ಆಡಿಸಿ. ಹ್ಯಾಂಡಲ್ ಕೆಳಗಿನ ಬೇರಿಂಗ್ ಸಂದಿಯ ಮೇಲೆ ಬೆರಳಿಟ್ಟರೆ ‘ಟಕ್’ ಎಂದು ಗೊತ್ತಾಗುತ್ತದಾ? ಹಾಗಿದ್ದರೆ ಗಡಗಡಕ್ಕೆ ಆ ಬೇರಿಂಗ್, ಅಂದರೆ ಹೆಡ್‌ಸೆಟ್ಟೇ ಕಾರಣ ಇರಬಹುದು. ಚಕ್ರವನ್ನು ಮೇಲೆ ಹಿಡಿದು ಪಕ್ಕಕ್ಕೆ ಅಲ್ಲಾಡಿಸಿ, ಚಕ್ರದ ನಡುವಿನ ಹಬ್ ಕೂಡ ಸಡಿಲವಾ ನೋಡಿ.

ಆಮೇಲೆ ಬೋಲ್ಟ್‌ಗಳು. ಕ್ಯಾಲಿಪರ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 5 ಮಿ.ಮೀ. ಅಲೆನ್ ಕೀ, ಬಿಗಿ ಟಾರ್ಕ್ ಕೀಯ ಲೆಕ್ಕದಲ್ಲಿ 6ರಿಂದ 8 ನ್ಯೂಟನ್ ಮೀಟರ್. ಕ್ಯಾಲಿಪರ್ ಕೆಳಗೆ ಅಡಾಪ್ಟರ್ ಇದ್ದರೆ ಅದರ ಬೋಲ್ಟ್‌ಗಳನ್ನೂ ನೋಡಿ, ಇದನ್ನು ಎಲ್ಲರೂ ಮರೆಯುತ್ತಾರೆ. ಡಿಸ್ಕನ್ನು ಹಬ್‌ಗೆ ಆರು ಬೋಲ್ಟ್ ಹಿಡಿದಿದ್ದರೆ ಅವಕ್ಕೆ ಟಿ25 ಟಾರ್ಕ್ಸ್ ಕೀ ಬೇಕು. ಸುತ್ತಿನಂತೆ ಒಂದಾದ ಮೇಲೊಂದು ಬಿಗಿ ಮಾಡಬೇಡಿ, ಎದುರು ಬದುರಾಗಿ ಮಾಡಿ. ಎಷ್ಟು ಬಿಗಿ ಎನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ: ಶಿಮಾನೊ 2ರಿಂದ 4 ನ್ಯೂಟನ್ ಮೀಟರ್ ಹೇಳುತ್ತದೆ, ಸ್ರಾಮ್ 6.2.

ಕ್ಯಾಲಿಪರ್ ನಡುವಿಗೆ ತರುವುದು

ಎರಡು ಬೋಲ್ಟ್ ಸಡಿಲಿಸಿ, ಲಿವರ್ ಒತ್ತಿ ಹಿಡಿದು ಬಿಗಿ ಮಾಡಿದರೆ ಮುಗೀತು ಅನ್ನುತ್ತಾರೆ. ದ್ರವದ ಒತ್ತಡದಿಂದ ಕೆಲಸ ಮಾಡುವ ಹೈಡ್ರಾಲಿಕ್ ಬ್ರೇಕಿಗೆ ಒಮ್ಮೊಮ್ಮೆ ಅಷ್ಟರಲ್ಲೇ ಆಗುತ್ತದೆ. ಆದರೆ ಕೊನೆಯ ಕಾಲು ಸುತ್ತಿನಲ್ಲಿ ಬೋಲ್ಟ್ ತನ್ನ ಜೊತೆ ಕ್ಯಾಲಿಪರನ್ನೂ ಕೂದಲೆಳೆಯಷ್ಟು ಎಳೆದುಕೊಂಡು ಹೋಗುತ್ತದೆ. ಅಷ್ಟು ಸಾಕು, ಉಜ್ಜಲು ಶುರು. ಅದಕ್ಕೇ ನಾನು ಕಣ್ಣನ್ನೇ ನಂಬುತ್ತೇನೆ. ಕ್ಯಾಲಿಪರ್ ಹಿಂದೆ ಬಿಳಿ ಕಾಗದ ಹಿಡಿದು ಸಂದಿಯಲ್ಲಿ ಇಣುಕಿ. ಡಿಸ್ಕಿನ ಎರಡೂ ಬದಿಯಲ್ಲಿ ತೆಳುವಾದ ಬಿಳಿ ಗೆರೆ ಕಾಣಬೇಕು. ಒಂದೇ ಬದಿಯಲ್ಲಿ ಕಂಡರೆ ಕ್ಯಾಲಿಪರನ್ನು ಬೆರಳಿನಿಂದ ಸರಿಸಿ, ಒತ್ತಿ ಹಿಡಿದುಕೊಂಡು ಎರಡು ಬೋಲ್ಟನ್ನೂ ಸ್ವಲ್ಪ ಸ್ವಲ್ಪವೇ, ಒಂದಾದ ಮೇಲೆ ಇನ್ನೊಂದನ್ನು ಬಿಗಿ ಮಾಡಿ.

ಕೇಬಲ್ ಎಳೆಯುವ ಬ್ರೇಕ್ ಆದರೆ ಲೆಕ್ಕ ಬೇರೆ. ಹೆಚ್ಚಿನವುಗಳಲ್ಲಿ ಹೊರಗಿನ ಪ್ಯಾಡ್ ಒಂದೇ ಚಲಿಸುವುದು. ಅದು ಡಿಸ್ಕನ್ನು ಬಗ್ಗಿಸಿ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಹಾಗಾಗಿ ಒಳಗಿನ ಪ್ಯಾಡ್ ಡಿಸ್ಕಿಗೆ ತಾಗದೆ, ಆದರೆ ತೀರಾ ಹತ್ತಿರ ಇರಬೇಕು. ಅದಕ್ಕೆ ಚಕ್ರದ ಕಡೆಯಲ್ಲಿ ತಿರುಗಿಸುವ ಸ್ಕ್ರೂ ಇರುತ್ತದೆ.

ಡೊಂಕು ಡಿಸ್ಕ್ ತಿದ್ದುವುದು ಸುಲಭ. ಉಜ್ಜುವ ಜಾಗಕ್ಕೆ ಪೆನ್ನಿನಿಂದ ಗುರುತು ಹಾಕಿ, ಎಣ್ಣೆಯಿಲ್ಲದ ಸ್ಪ್ಯಾನರ್ ಬಾಯಿಯಲ್ಲಿ ಹಿಡಿದು ಕೊಂಚವೇ ಬಗ್ಗಿಸಿ, ಮತ್ತೆ ತಿರುಗಿಸಿ ನೋಡಿ. ಜೋರು ಬೇಡ. ತಿರುಗುವ ಡಿಸ್ಕಿನ ಹತ್ತಿರ ಬೆರಳೂ ಬೇಡ, ಅದರ ತೂತುಗಳು ಬೆರಳು ಕತ್ತರಿಸುವಷ್ಟು ಹರಿತ.

ತೊಳೆಯುವುದು

ಚಕ್ರ ಬಿಚ್ಚಿ. ಚಕ್ರ ಹೊರಗಿರುವಾಗ ಲಿವರ್ ಒತ್ತಬೇಡಿ, ಪ್ಯಾಡನ್ನು ತಳ್ಳುವ ಪಿಸ್ಟನ್ ಹೊರಗೆ ಬಂದು ಪ್ಯಾಡ್ ಅಂಟಿಕೊಳ್ಳುತ್ತವೆ. ಡಿಸ್ಕನ್ನು 90 ಶೇಕಡಾಕ್ಕಿಂತ ಜಾಸ್ತಿ ಇರುವ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿದ ಶುಭ್ರ ಬಟ್ಟೆಯಿಂದ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೂ ಬಟ್ಟೆಯ ಮಗ್ಗುಲು ಬದಲಿಸುತ್ತಾ ಹೋಗಿ. ಒಂದೇ ಚಿಂದಿಯಲ್ಲಿ ಉಜ್ಜಿದರೆ ಕೊಳೆ ಜಾಗ ಬದಲಿಸುತ್ತದೆ ಅಷ್ಟೇ. ಸೀಮೆಎಣ್ಣೆ, ಪೆಟ್ರೋಲ್ ಬೇಡ, ಜಿಡ್ಡು ಉಳಿಸುತ್ತವೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಜೆಲ್ ಕೂಡ ಬೇಡ, ಅದರಲ್ಲಿ ಚರ್ಮ ಮೆದುವಾಗಿಸುವ ಪದಾರ್ಥ ಬೆರೆಸಿರುತ್ತಾರೆ. ‘ಬ್ರೇಕ್ ಸದ್ದು ನಿಲ್ಲಿಸುವ’ ಸ್ಪ್ರೇಗಳು ನನ್ನ ಮಟ್ಟಿಗೆ ದುಡ್ಡು ದಂಡ.

ಪ್ಯಾಡ್ ಹೊರಗೆ ತೆಗೆದು ಬೆಳಕಿಗೆ ಹಿಡಿಯಿರಿ. ಸವೆಯುವ ಭಾಗ 0.5 ಮಿ.ಮೀ.ಗಿಂತ ತೆಳುವಾಗಿದ್ದರೆ ಮುಂದೆ ಓದುವುದೇ ಬೇಡ, ಹೊಸದು ಹಾಕಿ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ 120 ನಂಬರಿನ ಸ್ಯಾಂಡ್‌ಪೇಪರನ್ನು ಸಮತಟ್ಟಾದ ಕಡೆ ಇಟ್ಟು, ಪ್ಯಾಡನ್ನು ಅದರ ಮೇಲೆ ಎಂಟರ ಆಕಾರದಲ್ಲಿ ತಿರುಗಿಸಿ. ಹೊಳಪು ಹೋಗಿ ಮಂಕು ಬಣ್ಣ ಬಂದರೆ ಸಾಕು. ಪುಡಿ ಉಸಿರಿಗೆ ಹೋಗದಂತೆ ಕಾಗದ ಒದ್ದೆ ಮಾಡಿಕೊಳ್ಳಿ.

ಪ್ಯಾಡ್ ಎಣ್ಣೆ ಕುಡಿದಿದ್ದರೆ? ಕೆಲವರು ಒಲೆಯ ಮೇಲೆ ಸುಡುತ್ತಾರೆ. ಹೊಗೆ ಬರುತ್ತದೆ, ಕೆಲಸ ಆಯ್ತು ಅಂತ ಖುಷಿ ಆಗುತ್ತದೆ. ಪ್ಯಾಡ್ ಸ್ಪಂಜಿನ ಹಾಗೆ. ಒಳಗೆ ಇಳಿದ ಎಣ್ಣೆ ಮುಂದಿನ ಇಳಿಜಾರಿನಲ್ಲಿ ಬಿಸಿಗೆ ಮತ್ತೆ ಮೇಲೆ ಬರುತ್ತದೆ. ಜೊತೆಗೆ ರಾಳದ (ರೆಸಿನ್) ಪ್ಯಾಡ್ ಸುಟ್ಟರೆ ಅದನ್ನು ಹಿಡಿದಿರುವ ಅಂಟೇ ಹೋಗಬಹುದು. ಬ್ರೇಕಿನಲ್ಲಿ ಇಂಥ ಜುಗ್ಗತನ ಬೇಡ, ಎಸೆಯಿರಿ.

ಪಳಗಿಸುವುದು: ಎಲ್ಲರೂ ಬಿಡುವ ಹೆಜ್ಜೆ

ಇಲ್ಲಿಯವರೆಗೆ ಸರಿಯಾಗಿ ಮಾಡಿದವರೂ ಎಡವುವುದು ಇಲ್ಲೇ. ಹೊಸ ಪ್ಯಾಡ್ ಹಾಕಿ, ಡಿಸ್ಕ್ ಫಳಫಳ ಹೊಳೆಯುವಂತೆ ಒರೆಸಿ, ಹತ್ತಿ ಹೊರಟೇಬಿಡುತ್ತಾರೆ. ಮಾರನೇ ದಿನ ಮತ್ತೆ ಕೀಂಯ್. ಆಮೇಲೆ ಪ್ಯಾಡ್ ಕಂಪನಿಗೆ ಬೈಗುಳ.

ಡಿಸ್ಕ್ ಬ್ರೇಕ್ ಚೆನ್ನಾಗಿ ಹಿಡಿಯಬೇಕಾದರೆ ಪ್ಯಾಡಿನ ಪದಾರ್ಥದ ಒಂದು ತೆಳು ಪದರ ಡಿಸ್ಕಿನ ಮೇಲೆ ಸಮನಾಗಿ ಕೂರಬೇಕು. ಆಮೇಲೆ ಪ್ಯಾಡ್ ಉಜ್ಜುವುದು ಬರೀ ಉಕ್ಕನ್ನಲ್ಲ, ತನ್ನದೇ ಪದಾರ್ಥವನ್ನು. ಹಿಡಿತ ಬರುವುದು, ಸದ್ದು ಅಡಗುವುದು ಎರಡೂ ಹೀಗೆ. ನೀವು ಆಲ್ಕೊಹಾಲ್ ಹಾಕಿ ಒರೆಸಿ, ಪ್ಯಾಡ್ ಕೆರೆದಿರಿ ಅಲ್ವಾ? ಇನ್ನು ಹೊಸದಾಗಿ ಸಂಸಾರ ಕಟ್ಟಬೇಕು.

ಒಣಗಿದ, ಸಮತಟ್ಟಾದ, ವಾಹನವಿಲ್ಲದ ರಸ್ತೆ ಹುಡುಕಿ. ಒಂದು ಸಲಕ್ಕೆ ಒಂದೇ ಬ್ರೇಕ್, ಮೊದಲು ಹಿಂದಿನದು. ಗಂಟೆಗೆ ಸುಮಾರು 20 ಕಿ.ಮೀ. ವೇಗಕ್ಕೆ ಬನ್ನಿ. ಲಿವರನ್ನು ಒಂದೇ ಒತ್ತಡದಲ್ಲಿ, ಗಟ್ಟಿಯಾಗಿ ಹಿಡಿದು ನಡಿಗೆಯ ವೇಗಕ್ಕೆ ಇಳಿಸಿ, ಬಿಡಿ. ಮತ್ತೆ ತುಳಿಯಿರಿ, ಮತ್ತೆ ಇಳಿಸಿ. ಹೀಗೆ 20 ಸಲ. ಆಮೇಲೆ ಇನ್ನೂ ಸ್ವಲ್ಪ ಜೋರು ಹೋಗಿ 10 ಸಲ. ಮುಂದಿನ ಬ್ರೇಕ್ ಹಿಡಿಯುವಾಗ ಮೈಭಾರ ಹಿಂದಕ್ಕೆ ಇರಲಿ.

ಎರಡು ತಪ್ಪು ಮಾತ್ರ ಮಾಡಬೇಡಿ. ಚಕ್ರ ಲಾಕ್ ಆಗುವಷ್ಟು ಹಿಡಿಯಬೇಡಿ. ಪೂರ್ತಿ ನಿಂತು ಲಿವರ್ ಹಿಡಿದುಕೊಂಡೇ ಸುಧಾರಿಸಿಕೊಳ್ಳಬೇಡಿ. ಕಾದ ಪ್ಯಾಡ್ ಒಂದೇ ಜಾಗದಲ್ಲಿ ಕೂತರೆ ಡಿಸ್ಕಿನ ಮೇಲೆ ಪ್ಯಾಡಿನ ಆಕಾರದ ಅಚ್ಚು ಬೀಳುತ್ತದೆ. ಮುಂದೆ ಪ್ರತಿ ಸುತ್ತಿಗೂ ಆ ಅಚ್ಚು ಬಂದಾಗ ಬ್ರೇಕ್ ಒಮ್ಮೆ ಜಾಸ್ತಿ ಕಚ್ಚುತ್ತದೆ. ಮೊದಲೇ ಹೇಳಿದ ಗಡಗಡ ಹುಟ್ಟುವುದು ಇಲ್ಲಿಂದಲೇ. ಕೆಂಪು ದೀಪದ ಹತ್ತಿರವೇ ಪಳಗಿಸಲು ಹೊರಟವರ ಡಿಸ್ಕನ್ನು ಓರೆಯಾಗಿ ಬೆಳಕಿಗೆ ಹಿಡಿದರೆ ಈ ಅಚ್ಚು ಕಣ್ಣಿಗೇ ಕಾಣುತ್ತದೆ.

ಮೊದಲ ನಾಲ್ಕೈದು ಸಲ ಲಿವರ್ ಒತ್ತಿದರೂ ಸೈಕಲ್ ಸುಮ್ನೆ ಜಾರಿದಂತೆ ಆಗುತ್ತದೆ. ಹೆದರಬೇಡಿ, ಹಾಗೆಂದು ಜೋರಾಗಿಯೂ ಹೋಗಬೇಡಿ. ಎಂಟು ಹತ್ತನೇ ಸಲಕ್ಕೆ ಸದ್ದು ಬದಲಾಗುತ್ತದೆ. ‘ಸ್ಸ್ಸ್’ ಅನ್ನುತ್ತಿದ್ದದ್ದು ತಗ್ಗಿದ ‘ಗುರ್ರ್’ ಆಗುತ್ತದೆ, ಅದೇ ಬೆರಳಿನ ಒತ್ತಡಕ್ಕೆ ಸೈಕಲ್ ಮುಂದಕ್ಕೆ ಬಾಗುತ್ತದೆ. ಸುಟ್ಟ ವಾಸನೆ ಸ್ವಲ್ಪ ಬಂದರೆ ಪರವಾಗಿಲ್ಲ. ಮುಗಿದ ಮೇಲೆ ಡಿಸ್ಕ್ ಸುತ್ತಲೂ ಒಂದೇ ಬಣ್ಣದ ಮಂಕು ಪಟ್ಟೆ ಕಾಣಬೇಕು. ಕಣ್ಣಲ್ಲೇ ನೋಡಿ, ಮುಟ್ಟಬೇಡಿ. ಬೆರಳಿಗೆ ಬೊಬ್ಬೆ ಬರುವಷ್ಟು ಕಾದಿರುತ್ತದೆ, ಆರಿದ ಮೇಲೂ ಬೆರಳಿನ ಜಿಡ್ಡು ಅದಕ್ಕೆ ಆಗದು.

ಪಟ್ಟೆ ತೇಪೆ ತೇಪೆಯಾಗಿ ಕಂಡರೆ ಪ್ಯಾಡ್ ಮತ್ತೆ ಕೆರೆದು, ಡಿಸ್ಕನ್ನೂ ಸ್ಯಾಂಡ್‌ಪೇಪರಿನಿಂದ ಹಗುರವಾಗಿ ಉಜ್ಜಿ, ಆಲ್ಕೊಹಾಲ್‌ನಿಂದ ಒರೆಸಿ, ಮೊದಲಿಂದ ಶುರು ಮಾಡಿ. ಬೇಜಾರಿನ ಕೆಲಸವೇ. ಆದರೆ ಅಡ್ಡದಾರಿ ನನಗಂತೂ ಸಿಕ್ಕಿಲ್ಲ.

ಇಷ್ಟಾದರೂ ಕಿರುಚಿದರೆ

ಪ್ಯಾಡ್ ಯಾವ ಜಾತಿಯದು ನೋಡಿ. ಲೋಹದ ಪುಡಿ ಬೆಸೆದು ಮಾಡಿದ ಸಿಂಟರ್ಡ್ ಪ್ಯಾಡ್ ಮಳೆ ಕೆಸರಲ್ಲಿ ಜಾಸ್ತಿ ದಿನ ಬಾಳುತ್ತದೆ, ಸದ್ದೂ ಜಾಸ್ತಿ. ರಾಳದ್ದು ಬೇಗ ಸವೆಯುತ್ತದೆ, ಆದರೆ ಮೆತ್ತಗಿರುತ್ತದೆ. ದಿನದ ಓಡಾಟಕ್ಕೆ ನಾನು ಹಾಕುವುದು ರಾಳದ್ದೇ. ಕೆಲವು ಡಿಸ್ಕ್‌ಗಳ ಮೇಲೆ ರಾಳದ ಪ್ಯಾಡ್ ಮಾತ್ರ ಬಳಸಿ ಎಂದು ಕೆತ್ತಿರುತ್ತಾರೆ, ಅಂಥದ್ದಕ್ಕೆ ಸಿಂಟರ್ಡ್ ಹಾಕಲೇಬೇಡಿ. ಡಿಸ್ಕ್ ಎಷ್ಟು ಸವೆದರೆ ಬದಲಿಸಬೇಕು ಎನ್ನುವುದೂ ಅದರ ಮೇಲೇ ಇರುತ್ತದೆ, ಶಿಮಾನೊ ಡಿಸ್ಕ್‌ಗಳಲ್ಲಿ ಸಾಮಾನ್ಯವಾಗಿ 1.5 ಮಿ.ಮೀ.

ಹೊಸ ಪ್ಯಾಡ್ ಹಾಕಿದ ಕೆಲವೇ ದಿನಕ್ಕೆ ಮತ್ತೆ ಎಣ್ಣೆ ಪಸೆ ಕಂಡರೆ ತಪ್ಪು ನಿಮ್ಮದಲ್ಲದಿರಬಹುದು. ಕ್ಯಾಲಿಪರ್ ಒಳಗಿನ ಸೀಲ್ ಸೋರುತ್ತಿರಬಹುದು. ಪ್ಯಾಡ್ ತೆಗೆದು ಪಿಸ್ಟನ್ ಸುತ್ತ ಟಿಶ್ಯೂ ಪೇಪರ್ ಒತ್ತಿ ನೋಡಿ. ಒದ್ದೆಯಾದರೆ ಎಷ್ಟು ತೊಳೆದರೂ ಪ್ರಯೋಜನ ಇಲ್ಲ, ಕ್ಯಾಲಿಪರ್ ಬದಲಿಸಬೇಕು. ಆಗ ಬ್ರೇಕಿಗೆ ತುಂಬುವ ದ್ರವ ಮಿನರಲ್ ಆಯಿಲ್ಲೋ ಡಾಟ್ (DOT) ದ್ರವವೋ ಎಂದು ಲಿವರ್ ಮೇಲಿನ ಬರಹ ಓದಿಯೇ ಹಾಕಿ. ಒಂದರ ಬದಲು ಇನ್ನೊಂದು ಹೋದರೆ ಉಳಿದ ಸೀಲ್‌ಗಳೂ ಹಾಳು.

ಚೈನ್‌ಗೆ ಈಗ ನಾನು ಸ್ಪ್ರೇ ಹೊಡೆಯುವುದಿಲ್ಲ. ಸಣ್ಣ ಬಾಟಲಿಯಿಂದ ಒಂದೊಂದು ಕೊಂಡಿಗೆ ಒಂದೊಂದು ಹನಿ, ಡಿಸ್ಕಿನ ಮೇಲೆ ಒಂದು ಹಳೆಯ ಬಟ್ಟೆ.